ಸಮುದ್ರಕ್ಕೆ ಹೊರಟ ಸೀರೆ ಗಾರ್ಡು

ಬಾಗಲಕೋಟೆಯ ಆ ಗೇರ್ ಸೈಕಲ್ ಅಂಗಡಿಯವನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಅವನು ಮಾಡಿದ್ದಿಷ್ಟು. ಎಣ್ಣೆ ಹಾಕಿ ಬ್ರೇಕು ಬಿಗಿ ಮಾಡು ಎಂದು ನಾನು ಬಿಟ್ಟು ಬಂದಿದ್ದ ಹಳೆಯ ಲೇಡೀಸ್ ಸೈಕಲ್ಲಿನಿಂದ ಸೀರೆ ಗಾರ್ಡನ್ನು ಬಿಚ್ಚಿ, ಅಂಗಡಿಯ ಹಿಂದಿನ ಗುಜರಿ ರಾಶಿಗೆ ಒಗೆದಿದ್ದ. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಸೀರೆ ಗಾರ್ಡು ಅಂದರೆ ನಿಮಗೆ ಗೊತ್ತಿರಬೇಕು, ಉಟ್ಟ ಸೀರೆಯ ಅಂಚು ಹಿಂದಿನ ಗಾಲಿಗೆ ಸಿಕ್ಕಿಕೊಳ್ಳಬಾರದೆಂದು ಗಾಲಿಯ ಬದಿಗೆ ಕೂರಿಸುವ ತಂತಿಯ ಜಾಲರಿ. ಈಗಿನ ಸೈಕಲ್ಲುಗಳಿಗೆ ಅದು ಬರುವುದಿಲ್ಲ. ಸೀರೆ ಉಟ್ಟವರು ಸೈಕಲ್ ಹತ್ತುವುದೇ ಇಲ್ಲವೆಂದು ಅವುಗಳನ್ನು ಮಾಡುವವರು ತೀರ್ಮಾನಿಸಿಬಿಟ್ಟಿದ್ದಾರೆ.

“ಅಕ್ಕೋರ, ಅದು ಸುಮ್ನ ವಜ್ಜರಿ,” ಎಂದ ಅಂಗಡಿಯವನು. “ಸಮುದ್ರದ ತನಕ ಹೊಂಟೀನಿ ಅಂದ್ರೆಲ್ಲ, ಸೈಕಲ್ ಹಗರ ಆಗ್ಲಿ ಅಂತ ತಗದೆ.”

“ನನ್ನ ತಲಿನೂ ವಜ್ಜ ಐತಿ,” ಎಂದೆ ನಾನು. “ಅದನ್ನೂ ತಗದು ಒಗಿಯಾಂವ ಇದ್ದಿ ಏನು?”

ಅವನು ನಕ್ಕ. ಸಿಟ್ಟಾದವರ ಎದುರು ನಗುವುದು ಬೆಂಕಿಗೆ ಎಣ್ಣೆ ಹೊಯ್ದಂತೆ ಎಂದು ಇವನಿಗೆ ಯಾರೂ ಕಲಿಸಿರಲಿಲ್ಲ. ನಾನು ಸೀರೆಯನ್ನು ಎತ್ತಿ ಸಿಕ್ಕಿಸಿಕೊಂಡು ಗುಜರಿಯ ರಾಶಿ ಹತ್ತಿದೆ. ಮುರಿದ ಫ್ರೇಮುಗಳು, ಹರಿದ ಟೈರುಗಳು, ತುಕ್ಕು ಹಿಡಿದ ಹ್ಯಾಂಡಲ್ಲುಗಳು. ಎಲ್ಲವನ್ನೂ ಸರಿಸಿ ಕೊನೆಗೆ ಗಾರ್ಡನ್ನು ಎಳೆದು ತೆಗೆದಾಗ ಅದು ಒಂದು ಕಡೆ ಜಜ್ಜಿಹೋಗಿತ್ತು. ಅಂಗಡಿಯವನು ಗಾಬರಿಯಾಗಿ ನನಗೆ ಕೈ ಕೊಟ್ಟು ಕೆಳಗಿಳಿಸಲು ಬಂದ. ಅವನ ಕೈ ಹಿಡಿಯದೆ ಇಳಿದೆ, ಇಳಿಯುವಾಗ ಮೊಣಕಾಲು ಕೆತ್ತಿಕೊಂಡೆ. ಆ ಗಾಯಕ್ಕೂ ಅವನನ್ನೇ ಬೈದೆ.

ನನ್ನ ಹೆಸರು ಶಾಂತಾ. ನಗುವವರು ನಕ್ಕುಬಿಡಿ, ನನಗೆ ರೂಢಿಯಾಗಿದೆ. ಮೂವತ್ತು ವರ್ಷದ ಮೇಲೆ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ, ಈಗ ನಿವೃತ್ತಳಾಗಿ ವಿದ್ಯಾಗಿರಿಯಲ್ಲಿದ್ದೇನೆ. ಮಕ್ಕಳು ನನಗೆ ಇಟ್ಟಿದ್ದ ಹೆಸರು ಒಗ್ಗರಣೆ. ತರಗತಿಯ ಬಾಗಿಲಿಗೆ ಬರುವಷ್ಟರಲ್ಲೇ ಚಟಪಟ ಶುರುವಾಗುತ್ತದಂತೆ. ಸಿಟ್ಟು ನಮ್ಮ ಮನೆತನದ್ದು. ಇಳಕಲ್ಲಿನಲ್ಲಿ ನಮ್ಮದು ನೇಕಾರರ ಮನೆ. ಅಪ್ಪ ಮಾತಿನ ಮನುಷ್ಯನಲ್ಲ, ಸಿಟ್ಟು ಬಂದಾಗ ಹೋಗಿ ಮಗ್ಗದ ಕುಣಿಯಲ್ಲಿ ಕೂಡುತ್ತಿದ್ದ. ಅವತ್ತು ನೇಯ್ದ ಮೊಳದಷ್ಟು ಸೀರೆ ಮಾತ್ರ ಉಳಿದದ್ದಕ್ಕಿಂತ ಬಿಗಿಯಾಗಿರುತ್ತಿತ್ತು. ಅವ್ವ ಸೀರೆಯ ಮೇಲೆ ಬೆರಳಾಡಿಸಿ, “ಇಲ್ಲಿ ನಿಮ್ಮಪ್ಪ ನನ್ನ ಕೂಡ ಮಾತು ಬಿಟ್ಟಿದ್ದ ನೋಡು,” ಎಂದು ತೋರಿಸುತ್ತಿದ್ದಳು. ನನಗೆ ಮಗ್ಗ ಬರಲಿಲ್ಲ. ಹಾಗಾಗಿ ನನ್ನ ಸಿಟ್ಟೆಲ್ಲ ಬಾಯಿಂದಲೇ ಹೊರಗೆ ಬರುತ್ತದೆ.

ಸಮುದ್ರದ ವಿಷಯಕ್ಕೆ ಬರುತ್ತೇನೆ. ನನ್ನ ಹಳೆಯ ವಿದ್ಯಾರ್ಥಿ ವೀರೇಶ ಈಗ ಇದೇ ಊರಿನಲ್ಲಿ ಹಲ್ಲಿನ ಡಾಕ್ಟರು. ಭೂಗೋಳದಲ್ಲಿ ಅವನು ಎಂಥ ಪಂಡಿತನೆಂದರೆ, ಒಮ್ಮೆ ಕೃಷ್ಣೆಯನ್ನು ಅರಬ್ಬಿ ಸಮುದ್ರಕ್ಕೆ ಕೂಡಿಸಿದ್ದ. ಅವನೇ ಈಗ ಇಪ್ಪತ್ತು ಜನರನ್ನು ಗುಂಪು ಕಟ್ಟಿಕೊಂಡು, ಬಾಗಲಕೋಟೆಯಿಂದ ಸಮುದ್ರದವರೆಗೆ ಸೈಕಲ್ಲಿನ ದಾರಿ ಹಾಕಿದ್ದಾನೆ. ಕೆರೂರು, ನರಗುಂದ, ನವಲಗುಂದ, ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ, ಆಮೇಲೆ ಘಟ್ಟ ಇಳಿದರೆ ಅಂಕೋಲೆ. ಐದು ದಿನ. ನಾನೂ ಬರುತ್ತೇನೆ ಎಂದಾಗ ಅವನು ತನ್ನ ರೋಗಿಗಳಿಗೆ ‘ಏನೂ ನೋಯೂದಿಲ್ಲ’ ಎನ್ನುವ ಅದೇ ದನಿಯಲ್ಲಿ, “ಅಕ್ಕೋರ, ನೀವು ಹಿಂದಿನ ಗಾಡ್ಯಾಗ ಕುಂತು ಬರ್ರಿ, ಬಾಳಿಹಣ್ಣು ನೀರು ಹಂಚೋದು ನೋಡ್ಕೊಳ್ರಿ,” ಎಂದ.

ಮೂವತ್ತು ವರ್ಷ ದಿನವೂ ಸೈಕಲ್ ತುಳಿದು ಸಾಲಿಗೆ ಹೋದವಳು ನಾನು. ಬಾಳೆಹಣ್ಣು ಹಂಚಬೇಕಂತೆ. ಅವನ ನಾಲ್ಕು ಹಲ್ಲು ನಾನೇ ಕೀಳಬೇಕು ಅನ್ನಿಸಿತು. ಕೊನೆಗೆ ಸೈಕಲ್ ತುಳಿಯುವವರ ಪಟ್ಟಿಯಲ್ಲೇ ನನ್ನ ಹೆಸರು ಬರೆಸಿದೆ.

ಅವರು ಮೊದಲು ಗೊತ್ತು ಮಾಡಿದ್ದು ಶ್ರಾವಣದ ರಜೆ. ಈ ಸೀಮೆಯಲ್ಲಿ ಶ್ರಾವಣದಲ್ಲಿ ಪಡುವಣ ಗಾಳಿ ಎದೆಗೆ ಕೈ ಇಟ್ಟು ಹಿಂದಕ್ಕೆ ನೂಕುತ್ತದೆ. ಅದರ ಎದುರು ಸಮುದ್ರಕ್ಕೆ ಸೈಕಲ್ ತುಳಿಯುವುದೆಂದರೆ ಹೊಸ್ತಿಲಲ್ಲಿ ನಿಂತು ಬೈಯುವ ಅತ್ತೆಯ ಮನೆಗೆ ಹೊಕ್ಕಂತೆ. ದೀಪಾವಳಿ ಆದ ಮೇಲೆ ಮೂಡಗಾಳಿ ತಿರುಗುತ್ತದೆ, ಅದು ಬೆನ್ನು ತಟ್ಟಿ ಕಳಿಸುತ್ತದೆ, ಆಗ ಹೋಗೋಣ ಎಂದು ಗುಂಪಿನ ವಾಟ್ಸಪ್ಪಿನಲ್ಲಿ ಬರೆದೆ. ಒಬ್ಬ ಎಂಜಿನಿಯರು ಮೊಬೈಲಿನಲ್ಲಿ ಗಾಳಿಯ ನಕ್ಷೆ ಹಾಕಿ, ಅಂಥದ್ದೇನೂ ಇಲ್ಲ ಎಂದ. ಮತ್ತೊಬ್ಬ ಕೈ ಮುಗಿಯುವ ಚಿತ್ರ ಹಾಕಿದ. ಆಮೇಲೆ ಘಟ್ಟದಲ್ಲಿ ಮಣ್ಣು ಕುಸಿದು ದಾರಿ ಕೆಟ್ಟಿದೆ ಎಂದು ಯಾರೋ ಹೇಳಿದ್ದಕ್ಕೆ ದೀಪಾವಳಿಯ ನಂತರಕ್ಕೆ ಹಾಕಿಕೊಂಡರು. ನಾನು ಹೇಳಿದೆನೆಂದು ಅಲ್ಲ. ನನ್ನ ಮಾತು ಕೇಳದೆ ನನ್ನ ಮಾತಿನಂತೆಯೇ ನಡೆದುಕೊಳ್ಳುವವರನ್ನು ಕಂಡರೆ ನನಗೆ ಎರಡು ಪಟ್ಟು ಸಿಟ್ಟು.

ಸಮುದ್ರ ಮುಟ್ಟಿದಿರೋ ಇಲ್ಲವೋ ಎಂದು ಕೇಳುವ ಆತುರದವರಿಗೆ ಈಗಲೇ ಹೇಳಿಬಿಡುತ್ತೇನೆ. ಮುಟ್ಟಿದೆವು. ನೀರಿತ್ತು, ಉಪ್ಪಾಗಿತ್ತು. ನನ್ನ ಸಮುದ್ರ ಅದಕ್ಕೆ ನಾಲ್ಕು ದಿನ ಮೊದಲು, ಕೆರೂರಿನಲ್ಲೇ ಬಂದಿತ್ತು. ಅದನ್ನು ಹೇಳಬೇಕಾದರೆ ಗಾರ್ಡಿನ ಕತೆ ಹೇಳಬೇಕು.

ಅದು ಅಂಗಡಿಯಲ್ಲಿ ಕೊಂಡ ಗಾರ್ಡಲ್ಲ. ನನಗೆ ಹುನಗುಂದದ ಹತ್ತಿರದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಮೊದಲು ಕೆಲಸ ಸಿಕ್ಕಾಗ, ಸೀರೆ ಉಟ್ಟು ದಿನಾ ಸೈಕಲ್ ಮೇಲೆ ಹೋಗಬೇಕಿತ್ತು. ಆಗ ಇಳಕಲ್ಲಿನ ಖೈರುನ್ ಅದನ್ನು ತನ್ನ ಕೈಯಾರೆ ಮಾಡಿ ಕೂರಿಸಿದಳು. ಖೈರುನ್ ನನ್ನ ಓರಗೆಯವಳು, ಒಂದೇ ಬೆಂಚಿನಲ್ಲಿ ಕೂತವಳು. ಅವಳ ಅಪ್ಪ ದಸ್ತಗೀರ ಚಾಚಾ ಬಸ್ ನಿಲ್ದಾಣದ ಹತ್ತಿರ ತಾಸಿನ ಲೆಕ್ಕದಲ್ಲಿ ಸೈಕಲ್ ಬಾಡಿಗೆ ಕೊಡುತ್ತಿದ್ದ. ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಬರೆದ ಹತ್ತು ಹನ್ನೆರಡು ಕರಿ ಸೈಕಲ್ಲು. ನಾವಿಬ್ಬರೂ ಕಲಿತದ್ದು ಏಳನೇ ನಂಬರಿನ ಮೇಲೆ, ಸೀಟಿನ ಮುಂದಿನ ಅಡ್ಡ ಪಟ್ಟಿಯ ಕೆಳಗೆ ಕಾಲು ತೂರಿಸಿ, ಅರ್ಧ ಪೆಡಲ್ ಹೊಡೆದು.

ಆ ಗಾರ್ಡು ಮಾಡಿದ ರೀತಿ ಬೇರೆ ಯಾವ ಊರಿನ ಸೈಕಲ್ ಅಂಗಡಿಯಲ್ಲೂ ಕಾಣುವುದಿಲ್ಲ. ಇಳಕಲ್ ಸೀರೆಯ ಒಡಲಿನ ಎಳೆಗಳೇ ಬೇರೆ, ಸೆರಗಿನ ಕೆಂಪು ರೇಷ್ಮೆ ಎಳೆಗಳೇ ಬೇರೆ. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಹೆಣೆದು, ಒಂದರೊಳಗೊಂದು ಸಿಕ್ಕಿಸಿ ಕೂಡಿಸಬೇಕು. ಅದಕ್ಕೆ ಕೊಂಡಿ ಅನ್ನುತ್ತಾರೆ. ನೇಯುವವನು ಗಂಡಸು, ಸೀರೆಗೆ ಹೆಸರು ಅವನದು. ಸಾವಿರಗಟ್ಟಲೆ ಕೊಂಡಿ ಹಾಕುತ್ತ ಕಣ್ಣು ಕಳೆದುಕೊಂಡವಳು ನಮ್ಮವ್ವ. ನನಗೂ ಕಲಿಸಲು ನೋಡಿದಳು, ನನ್ನ ಬೆರಳಿಗೆ ತಾಳ್ಮೆ ಇರಲಿಲ್ಲ. ನಮ್ಮ ಮನೆಗೆ ಆಡಲು ಬರುತ್ತಿದ್ದ ಖೈರುನ್ ಪಕ್ಕದಲ್ಲಿ ಕೂತು ನೋಡಿ ನೋಡಿ ಕಲಿತುಬಿಟ್ಟಳು. “ಒಂದ ಕೊಂಡಿ ತಪ್ಪಿದ್ರ ಸೀರಿನ ತಪ್ಪತೈತಿ,” ಎಂದು ಅವ್ವ ನನಗೆ ಹೇಳುತ್ತಿದ್ದಳು. ಖೈರುನ್‌ಗೆ ಹೇಳುವ ಪ್ರಸಂಗ ಬರುತ್ತಿರಲಿಲ್ಲ. ಗಾರ್ಡನ್ನೂ ಅವಳು ಹಾಗೆಯೇ ಮಾಡಿದ್ದಳು. ಹಳೆಯ ಸ್ಪೋಕುಗಳನ್ನು ಬಗ್ಗಿಸಿ, ತುದಿಗಳನ್ನು ಕೊಂಡಿ ಮಾಡಿ, ಒಂದಕ್ಕೊಂದು ಸಿಕ್ಕಿಸಿ ಮುಚ್ಚಿದ್ದಳು.

ಒಂದೇ ಒಂದು ಕೊಂಡಿ ಮಾತ್ರ ಬಾಯಿ ಬಿಟ್ಟುಕೊಂಡಿತ್ತು. ಕೆಳಗಿನ ಸಾಲಿನಲ್ಲಿ, ಸರಿಯಾಗಿ ಸೀರೆಯ ಅಂಚು ಹಾಯುವ ಕಡೆ. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಅಂಚು ಅದಕ್ಕೆ ಸಿಕ್ಕಿ ಚರ್ರನೆ ಹರಿಯುತ್ತಿತ್ತು. ಆಗೆಲ್ಲ ನಾನು ಗಾಳಿಯನ್ನು ಬೈದೆ, ರಸ್ತೆಯ ತಗ್ಗನ್ನು ಬೈದೆ, ಒಮ್ಮೆ ಪಕ್ಕದಲ್ಲಿ ಹಾದುಹೋದ ಬಸ್ಸಿನ ಡ್ರೈವರನ್ನೂ ಬೈದೆ. ಒಂದು ಸಲ ಇಕ್ಕಳ ತೆಗೆದುಕೊಂಡು ಮುಚ್ಚಲು ಹೋದೆ. ಸ್ಪೋಕಿನ ಉಕ್ಕು, ನನ್ನ ಕೈಗೆ ಬಗ್ಗಲಿಲ್ಲ. ಅಷ್ಟು ಕೈಚಳಕದ ಖೈರುನ್ ಕೂಡ ಒಂದು ಮರೆತಳಲ್ಲ ಎಂದು ನನಗೆ ಒಳಗೊಳಗೇ ಸ್ವಲ್ಪ ಖುಷಿಯೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಅವಳ ಬಳಿ ಹೋಗಿ ಇದೊಂದು ಮುಚ್ಚಿಕೊಡು ಅನ್ನಬಹುದಿತ್ತು. ಆದರೆ ಅದು ಅವಳ ಕೆಲಸದಲ್ಲಿ ತಪ್ಪು ತೆಗೆದಂತೆ. ಖೈರುನ್‌ಳ ತಪ್ಪು ತೆಗೆಯುವ ಮುಖ ನನಗಿರಲಿಲ್ಲ.

ಈಗ ಜಜ್ಜಿದ ಗಾರ್ಡನ್ನು ಸರಿ ಮಾಡುವವರು ಅವಳನ್ನು ಬಿಟ್ಟರೆ ಯಾರೂ ಇಲ್ಲ. ಅದನ್ನು ಟವೆಲಿನಲ್ಲಿ ಸುತ್ತಿ ಇಳಕಲ್ ಬಸ್ಸು ಹತ್ತಿದೆ. ಟವೆಲು ಸಾಲದೆ ತಂತಿ ಹೊರಗೆ ಇಣುಕುತ್ತಿತ್ತು. ಕಂಡಕ್ಟರು ಟಿಕೆಟ್ ಹರಿಯುತ್ತ, “ಅಕ್ಕಾರ, ಏನ್ರಿ ಅದು, ಇಲಿ ಬೋನೇನ್ರಿ?” ಎಂದು ಕೇಳಿದ.

“ಹೌದಪಾ,” ಎಂದೆ. “ಭಾಳ ಮಾತಾಡೋ ಇಲಿಗೆ.”

ಅಲ್ಲಿಂದ ಮುಂದೆ ಅವನು ನನ್ನ ಸೀಟಿನ ಕಡೆ ಬರಲಿಲ್ಲ. ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು ಖೈರುನ್‌ಗೆಂದು ಕರದಂಟು ಕೊಂಡೆ. ಕರದಂಟು ಕೊಳ್ಳುವಾಗಲೇ ಇದು ಲಂಚ ಎಂದು ನನಗೆ ಗೊತ್ತಿತ್ತು. ಬಸ್ಸು ಹುನಗುಂದ ಮುಟ್ಟುವಷ್ಟರಲ್ಲಿ ಕಿಟಕಿಯ ಕಡೆಯಿಂದ ಮುಖ ತಿರುಗಿಸಿದೆ. ಹುನಗುಂದಕ್ಕೆ ಬಂದಾಗಲೆಲ್ಲ ನಾನು ಹೀಗೆ ಮಾಡುತ್ತೇನೆ. ನದಿಯ ದಾರಿ ಕವಲೊಡೆಯುವುದು ಅಲ್ಲಿಂದಲೇ.

ನಾವು ಒಂಬತ್ತನೇ ಇಯತ್ತೆಯಲ್ಲಿದ್ದಾಗ ನಮ್ಮ ತರಗತಿಯ ಹುಡುಗಿಯೊಬ್ಬಳು ಗೋಕರ್ಣಕ್ಕೆ ಹೋಗಿಬಂದಳು. ಬಂದವಳು ಸುಮ್ಮನಿರಬೇಕಲ್ಲ. ಕಪ್ಪೆಚಿಪ್ಪುಗಳನ್ನು ಒಂದು ಡಬ್ಬಿಯಲ್ಲಿ ತಂದು, ಮುಟ್ಟಲು ಕೊಡದೆ, ದೂರದಿಂದ ತೋರಿಸಿದಳು. ಅವಳ ಮೇಲೆ ನನಗೆ ಬಂದ ಸಿಟ್ಟು ಎಂಥದ್ದೆಂದರೆ, ಸ್ವತಃ ಹೋಗಿ ಸಮುದ್ರ ನೋಡಿಕೊಂಡು ಬಂದು ಅವಳ ಡಬ್ಬಿಯನ್ನು ಕಿತ್ತು ಒಗೆಯಬೇಕು ಅನ್ನಿಸಿತು. ಅದೇ ವಾರ ಮಾಸ್ತರು ಪಾಠದಲ್ಲಿ, ನದಿಗಳೆಲ್ಲ ಸಮುದ್ರ ಸೇರುತ್ತವೆ ಎಂದರು. ನನ್ನ ತಲೆಯಲ್ಲಿ ದೀಪ ಹತ್ತಿತು. ಹುನಗುಂದದ ಆಚೆ ಮಲಪ್ರಭೆ ಹರಿಯುತ್ತದೆ. ಅದರ ದಂಡೆ ಹಿಡಿದು ನೀರು ಹೋದ ಕಡೆ ಹೋದರೆ ಗೋಕರ್ಣ ಬರಲೇಬೇಕು.

“ಏ ಶಾಂತಿ, ಸಮುದ್ರ ಹೊತ್ತು ಮುಳುಗೋ ಕಡೆ ಐತಿ ಅಂತಾರ,” ಎಂದಿದ್ದಳು ಖೈರುನ್. “ಹೊಳಿ ಹೊತ್ತು ಹುಟ್ಟೋ ಕಡೆ ಹೊಂಟೈತೆಲ್ಲ.”

“ಮುಂದ ತಿರಗತೈತಿ,” ಎಂದೆ ನಾನು. ಅಷ್ಟು ಧೈರ್ಯದಿಂದ ಹೇಳಿದ್ದೆ, ಹೊಳೆಯೇ ನಂಬಬೇಕಿತ್ತು.

ಹೊಳೆ ನಂಬಲಿಲ್ಲ. ಮಲಪ್ರಭೆಯ ಮೇಲೆ ನನಗಿರುವ ಸಿಟ್ಟನ್ನು ಮೂವತ್ತು ವರ್ಷದ ನನ್ನ ವಿದ್ಯಾರ್ಥಿಗಳೆಲ್ಲ ಬಲ್ಲರು. ಅದು ಹುಟ್ಟುವುದು ಕಣಕುಂಬಿಯಲ್ಲಿ, ಘಟ್ಟದ ನೆತ್ತಿಯ ಮೇಲೆ. ಅಲ್ಲಿಂದ ಪಡುವಣ ಸಮುದ್ರಕ್ಕೆ ಒಂದು ಜಿಗಿತ ಸಾಕು. ಅದನ್ನು ಬಿಟ್ಟು, ಸಮುದ್ರಕ್ಕೆ ಬೆನ್ನು ತಿರುವಿ ಇತ್ತ ಬಂದು, ಪಟ್ಟದಕಲ್ಲು ಐಹೊಳೆ ಎಲ್ಲ ತಿರುಗಾಡಿ, ಕೂಡಲಸಂಗಮದಲ್ಲಿ ಕೃಷ್ಣೆಯ ಕೈ ಹಿಡಿದು, ಇಡೀ ದೇಶ ಅಡ್ಡ ಹಾಯ್ದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪರೀಕ್ಷೆಯಲ್ಲಿ ಈ ಪ್ರಶ್ನೆ ನಾನು ಬಿಟ್ಟದ್ದೇ ಇಲ್ಲ. ವೀರೇಶ ತಪ್ಪು ಬರೆದಾಗ ಅವನನ್ನು ಇಡೀ ತಾಸು ನಿಲ್ಲಿಸಿದ್ದೆ. ಅವನ ವಯಸ್ಸಿನಲ್ಲಿ ಅದೇ ತಪ್ಪನ್ನು ನಾನು ಸೈಕಲ್ ಮೇಲೆ ಮಾಡಿದ್ದೆನೆಂದು ಅವನಿಗೇನು ಗೊತ್ತು.

ಒಂದು ಶನಿವಾರ ಬೆಳಗಿನ ಸಾಲಿ ತಪ್ಪಿಸಿ, ಚಾಚಾ ನಸುಕಿನ ನಮಾಜಿಗೆ ಹೋದಾಗ ಏಳನೇ ನಂಬರು, ಹನ್ನೊಂದನೇ ನಂಬರು ಎರಡನ್ನೂ ತೆಗೆದುಕೊಂಡು ಹೊರಟೆವು. ಹುನಗುಂದ ದಾಟಿ, ಹೊಳೆ ಕಂಡಾಗ ಕೂಗಿ, ಕೇಳಿ ಕೇಳಿ ಹಳ್ಳಿಯ ದಾರಿ ಹಿಡಿದು, ಮಧ್ಯಾಹ್ನದ ಹೊತ್ತಿಗೆ ಕೂಡಲಸಂಗಮ ಮುಟ್ಟಿದೆವು. ಎರಡು ನದಿ ಕೂಡಿದ ನೀರು, ಆಚೆ ದಡ ಮಸುಕು. ಇದೇ ಸಮುದ್ರ ಎಂದು ನಾನು ಘೋಷಿಸಿದೆ. ಖೈರುನ್ ಮೆಟ್ಟಿಲಿಳಿದು ಬೊಗಸೆಯಲ್ಲಿ ನೀರು ತೆಗೆದು ಕುಡಿದು, “ಸಪ್ಪಗೈತಿ,” ಎಂದಳು. ಇವತ್ತಿಗೂ ನನಗೆ ಆ ಒಂದು ಮಾತಿನಷ್ಟು ನಗು ತರಿಸುವ ಮಾತು ಬೇರಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತಿರುವಾಗಲೇ ದೇವರಿಗೆ ಬಂದಿದ್ದ ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬ ನಮ್ಮನ್ನು ಗುರುತು ಹಿಡಿದು, ಸೈಕಲ್ ಸಮೇತ ಟ್ರಕ್ಕಿಗೆ ಹಾಕಿ ಊರಿಗೆ ತಂದ.

ಸೋಮವಾರ ಹೆಡ್ ಮಾಸ್ತರರ ಕೋಣೆಗೆ ನನ್ನನ್ನು ಕರೆದರು. ಅಪ್ಪ ಒಂದು ಕುರ್ಚಿಯ ಮೇಲೆ ಕೂತಿದ್ದ. ಸೀರೆ ವ್ಯಾಪಾರಿ ಇದ್ದ, ಇನ್ನಿಬ್ಬರು ಮಾಸ್ತರರಿದ್ದರು.

“ಯಾರು ಯಾರನ್ನ ಕರಕೊಂಡು ಹೋದ್ರಿ?” ಎಂದು ಕೇಳಿದರು ಹೆಡ್ ಮಾಸ್ತರರು.

“ಆಕಿ ನನ್ನ ಕರಕೊಂಡು ಹೋದ್ಲರಿ,” ಎಂದೆ.

ನಾಲ್ಕು ಶಬ್ದ. ನಂಬಲು ಎಲ್ಲರೂ ತಯಾರಾಗಿಯೇ ಕೂತಿದ್ದರು. ಸೈಕಲ್ ಅವಳ ಅಪ್ಪನದು ತಾನೆ. ಸೈಕಲ್ಲಿನದೊಂದೇ ಕಾರಣವಲ್ಲ ಎಂಬುದು ಆಗ ನನಗೆ ತಿಳಿಯಲಿಲ್ಲ, ಈಗ ತಿಳಿಯುತ್ತದೆ. ನನಗೆ ಒಂದು ಎಚ್ಚರಿಕೆ. ಖೈರುನ್‌ಗೆ ಟಿ.ಸಿ. ಚಾಚಾ ಬಂದು ಕೈ ಮುಗಿದು ಕೇಳಿಕೊಂಡ, ಪ್ರಯೋಜನವಾಗಲಿಲ್ಲ. ಊರಿನಲ್ಲಿ ಇನ್ನೊಂದು ಹುಡುಗಿಯರ ಸಾಲಿ ಇರಲಿಲ್ಲ. ಅವಳು ಅಪ್ಪನ ಅಂಗಡಿಯಲ್ಲಿ ಪಂಕ್ಚರ್ ಹಚ್ಚಲು ಕೂತಳು. ಲೆಕ್ಕದಲ್ಲಿ ನನಗಿಂತ ಇಪ್ಪತ್ತು ಮಾರ್ಕು ಮುಂದಿದ್ದ ಹುಡುಗಿ. ನಾನು ಕಾಲೇಜು ಮುಗಿಸಿದೆ, ಬಿ.ಎಡ್. ಮಾಡಿದೆ, ಅಕ್ಕೋರಾದೆ. ನಮ್ಮಿಬ್ಬರ ಮಾತು ಬಿಟ್ಟಿರಲಿಲ್ಲ. ಊರಿಗೆ ಹೋದಾಗ ಅಂಗಡಿಗೆ ಹೋಗುತ್ತಿದ್ದೆ, ಚಹಾ ಕುಡಿಯುತ್ತಿದ್ದೆ. ಮಾತು ಮಾತ್ರ ಚೈನು, ಟೈರು, ಬ್ರೇಕು ಬಿಟ್ಟು ಆಚೆ ಹೋಗುತ್ತಿರಲಿಲ್ಲ. ನಾನು ಮಾಡಿದ್ದು ಅವಳಿಗೆ ಗೊತ್ತಿಲ್ಲ ಎಂದುಕೊಂಡು ಇಷ್ಟು ವರ್ಷ ಬದುಕಿದೆ.

ಅಂಗಡಿ ಅಲ್ಲೇ ಇದೆ, ಈಗ ಅವಳದೇ. ಬಾಡಿಗೆ ಸೈಕಲ್ಲಿನ ಕಾಲ ಹೋಯಿತು. ರಿಪೇರಿ ಇದೆ. ಗಾಲಿಯ ಸೊಟ್ಟ ತೆಗೆಸಲು ಕುಷ್ಟಗಿಯಿಂದಲೂ ಅವಳ ಹತ್ತಿರ ಬರುತ್ತಾರೆ. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಗಾರ್ಡನ್ನು ತಿರುಗಿಸಿ ನೋಡಿದಳು.

“ಯಾರ ತುಳದಾರ ಇದನ್ನ?”

“ಬಾಗಲಕೋಟಿ ಅಂಗಡ್ಯಾಂವ. ಅವನ ಕೈಗೆ ಬ್ಯಾನಿ ಬರ್ಲಿ.”

“ಬಯ್ಯೋದು ಬಿಡು, ಕುಂದ್ರು.”

ಸಣ್ಣ ಸುತ್ತಿಗೆಯಿಂದ ಬಡಿದು, ಇಕ್ಕಳದಿಂದ ತಿರುವಿ, ಒಂದೊಂದೇ ಕೊಂಡಿಯನ್ನು ಸರಿ ಮಾಡುತ್ತ ಬಂದಳು. ಕೆಳಗಿನ ಸಾಲಿನ ಆ ಬಾಯಿ ತೆರೆದ ಕೊಂಡಿಯ ಹತ್ತಿರ ಅವಳ ಕೈ ನಿಂತಿತು. ಅವಳಿಗೆ ಕೆಡುಕೆನಿಸಬಾರದೆಂದು ನಾನೇ ಹೇಳಿದೆ.

“ಅದೊಂದು ಮೊದಲಿಂದನೂ ಹಂಗ ಐತಿ. ಅವಸರದಾಗ ಮರ್ತಿದ್ದಿ ಕಾಣತೈತಿ.”

“ಮರ್ತದ್ದಲ್ಲ,” ಎಂದಳು ಖೈರುನ್. “ಬಿಟ್ಟದ್ದು.”

“ಅಂದ್ರ?”

“ನಿಮ್ಮವ್ವನ ಕಡಿಂದ ಕಲ್ತಾಕಿ ನಾ. ಕೊಂಡಿ ಮರೀತೇನೇನು? ನಿನ್ನ ಸೀರಿ ಹರೀಲಿ ಅಂತ ಬಿಟ್ಟಿದ್ದೆ.”

ಟೈರಿನಲ್ಲಿ ಗಾಳಿ ಕಡಿಮೆ ಇದೆ ಎಂದು ಹೇಳುವ ದನಿಯಲ್ಲೇ ಹೇಳಿದಳು. ನನಗೆ ಮೊದಲು ಬಂದದ್ದು ಸಿಟ್ಟು, ನನಗೆ ಮೊದಲು ಬರುವುದೇ ಅದು. ಎಷ್ಟು ಸೀರೆ. ಅದರಲ್ಲಿ ಎರಡು ಅವ್ವ ಕೊಂಡಿ ಹಾಕಿ, ಅಪ್ಪ ನೇಯ್ದು, ನನ್ನ ಮದುವೆಗೆ ಕೊಟ್ಟವು.

“ನಮ್ಮವ್ವನ ಸೀರಿ ಹರದ್ವು ಅದರಾಗ,” ಎಂದು ಎದ್ದು ನಿಂತೆ. “ಎರಡು.”

“ನಿಂದು ಅಂಚು ಹರೀತು,” ಎಂದಳು ಅವಳು, ಗಾರ್ಡಿನ ಮೇಲಿಂದ ಕಣ್ಣೆತ್ತದೆ. “ನಂದು ಸಾಲಿ ಹರೀತು.”

ಹೊರಗೆ ಬಸ್ಸಿನವನು ಹುನಗುಂದ ಹುನಗುಂದ ಎಂದು ಕೂಗುತ್ತಿದ್ದ.

“ನಿನಗ ಗೊತ್ತಿತ್ತೇನು?”

“ನೀ ಒಳಗಿದ್ದಾಗ ನನ್ನ ಕಿಡಕಿ ಕೆಳಗ ಕುಂದ್ರಿಸಿದ್ರು. ಎಲ್ಲಾ ಕೇಳಿಸ್ತು. ಸಣ್ಣಗ ಹೇಳಿದ್ದಿ, ಆದ್ರೂ ಕೇಳಿಸ್ತು.”

“ಮತ್ತ ಇಷ್ಟ ವರ್ಷ ಯಾಕ ಸುಮ್ನಿದ್ದಿ? ಬೈಬೇಕಿತ್ತು. ಜಗಳಾ ತಗೀಬೇಕಿತ್ತು.”

ಆಗ ಅವಳು ಇಕ್ಕಳ ಕೆಳಗಿಟ್ಟಳು. ಅವಳ ಸಿಟ್ಟನ್ನು ನಾನು ಅದಕ್ಕೆ ಮೊದಲು ಕಂಡೇ ಇರಲಿಲ್ಲ. ಅದಕ್ಕೆ ಚಟಪಟ ಇರಲಿಲ್ಲ, ಸದ್ದೇ ಇರಲಿಲ್ಲ.

“ನೀ ಬಂದು ಹೇಳ್ತಿ ಅಂತ ಕಾಯ್ದೆ. ಬರಲಿಲ್ಲ. ನೌಕರಿ ಹತ್ತೇತಿ ಅಂತ ಪೇಢೇ ಕೊಡಾಕ ಬಂದಿ, ಆಗ ಹೇಳ್ತಿ ಅಂದ್ಕೊಂಡೆ. ಗಾರ್ಡ್ ಮಾಡಿಕೊಡು ಅಂದಿ. ಮಾಡಿಕೊಟ್ಟೆ, ಒಂದು ಕೊಂಡಿ ಬಿಟ್ಟೆ. ಸೀರಿ ಹರದಾಗರ ಕೇಳಾಕ ಬರ್ತಾಳ, ಆಗ ನಾನ ಮಾತು ತಗೀತೇನಿ ಅಂತ. ನೀ ಅಂಚು ಹೊಲಿಸಿಕೊಂತ ಹೋದಿ ಹೊರತು ಬರಲಿಲ್ಲ. ಇವತ್ತ ಬಂದೀದಿ. ಇವತ್ತೂ ರಿಪೇರಿಗೆ ಬಂದೀದಿ.”

ಆ ಹುಡುಗಿಯ ಚಿಪ್ಪಿನ ಡಬ್ಬಿ, ಮಾಸ್ತರರ ಪಾಠ, ಮಲಪ್ರಭೆ, ಗಾಳಿ, ಬಸ್ಸಿನ ಡ್ರೈವರು, ವೀರೇಶ, ಅಂಗಡಿಯವನು. ಒಬ್ಬರನ್ನೂ ಬಿಡದೆ ಬೈದಿದ್ದೆ. ಬೈಯಬೇಕಾದವಳೊಬ್ಬಳನ್ನು ಬಿಟ್ಟು. “ತಪ್ಪಾತು ಖೈರುನ್,” ಎಂದೆ. “ನಾನ ನಿನ್ನ ಕರಕೊಂಡು ಹೋಗಿದ್ದೆ. ಸುಳ್ಳು ಹೇಳಿದೆ.”

“ನನಗ ಹೇಳಿ ಏನ್ಮಾಡ್ತಿ? ನನಗ ಗೊತ್ತಿದ್ದದ್ದ ಅದು.” ಅವಳು ಮತ್ತೆ ಇಕ್ಕಳ ತೆಗೆದುಕೊಂಡಳು. “ನಾಕು ಮಂದಿ ಮುಂದ ಹೇಳಿದ್ದನ್ನ ನಾಕು ಮಂದಿ ಮುಂದ ತಿದ್ದಬೇಕಿತ್ತು. ಈಗ ಹೆಡ್ ಮಾಸ್ತರಿಲ್ಲ, ನಿಮ್ಮಪ್ಪಿಲ್ಲ, ನಮ್ಮಪ್ಪಿಲ್ಲ.”

ಕರದಂಟಿನ ಪೊಟ್ಟಣ ನನ್ನ ಚೀಲದಲ್ಲೇ ಇತ್ತು. ಅದನ್ನು ಹೊರಗೆ ತೆಗೆಯಲು ನಾಚಿಕೆಯಾಯಿತು.

ಗಾರ್ಡನ್ನು ನನ್ನ ಮುಂದೆ ಹಿಡಿದು ಅವಳು ಕೇಳಿದಳು, “ಇದನ್ನ ಮುಚ್ಚಲೋ, ಬಿಡ್ಲೋ?”

“ಬಿಡು. ಹಂಗ ಇರ್ಲಿ.” ಆಮೇಲೆ, ಬಾಗಿಲವರೆಗೆ ಹೋಗಿ ತಿರುಗಿ, “ದೀಪಾವಳಿ ಆದ ಮ್ಯಾಲ ಸಮುದ್ರಕ್ಕ ಹೊಂಟೀವಿ. ನೀನೂ ಬಾ,” ಎಂದೆ.

“ಹೊಳಿ ಹಿಡಕೊಂಡೇನು?” ಎಂದಳು. ಮುಖದಲ್ಲಿ ನಗು ಇತ್ತೋ ಇಲ್ಲವೋ ನನಗೆ ಹೇಳಲಾಗದು.

ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಹೊರಡುವ ಹಿಂದಿನ ಸಂಜೆ ಟೆಂಪೋದಲ್ಲಿ ಸೈಕಲ್ ಹಾಕಿಕೊಂಡು ವಿದ್ಯಾಗಿರಿಯ ನನ್ನ ಮನೆ ಮುಂದೆ ಇಳಿದಳು. ಕರಿ ಸೈಕಲ್ಲು, ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದ ಏಳು. ಸಲ್ವಾರಿನ ಮೇಲೆ ಸ್ವೆಟರು, ತಲೆಗೆ ಬಿಗಿಯಾಗಿ ಕಟ್ಟಿದ ದುಪಟ್ಟಾ. ಬೆಳಿಗ್ಗೆ ಗುಂಪಿನವರೆಲ್ಲ ಮೈಗಂಟಿದ ಹಸಿರು ಬಟ್ಟೆ ತೊಟ್ಟು, ಗೇರ್ ಬದಲಿಸುತ್ತ ಸುಯ್ಯೆಂದು ಮುಂದೆ ಹೋದರು. ನಾವಿಬ್ಬರೂ ಹಿಂದೆ. ಮೂಡಗಾಳಿ ಬೆನ್ನಿಗಿತ್ತು. ನನ್ನ ಸೀರೆಯ ಅಂಚು ಒಮ್ಮೆ ಕೊಂಡಿಗೆ ಸಿಕ್ಕಿ ಹರಿಯಿತು. ನಾನು ಯಾರನ್ನೂ ಬೈಯಲಿಲ್ಲ.

ಕೆರೂರಿನಲ್ಲಿ ಚಹಾಕ್ಕೆ ಎಲ್ಲರೂ ನಿಂತಿದ್ದರು. ಅವತ್ತು ಸಂತೆ. ಉಳ್ಳಾಗಡ್ಡಿ ಚೀಲಗಳ ನಡುವೆ ಹಸಿರು ಬಟ್ಟೆಯ ಇಪ್ಪತ್ತು ಜನ. ಸಂತೆಗೆ ಬಂದವರು ಸುತ್ತ ನಿಂತು ಸೈಕಲ್ಲುಗಳನ್ನು ಮುಟ್ಟಿ ನೋಡುತ್ತಿದ್ದರು. ಖೈರುನ್ ಹೋದವಳೇ ಎಂಜಿನಿಯರರ ಮೆತ್ತಗಾದ ಟೈರಿಗೆ ತನ್ನ ಪಂಪು ಹಚ್ಚಿ ಗಾಳಿ ತುಂಬಲು ಕೂತಳು. ವೀರೇಶ ಕೈಯಲ್ಲಿ ಹೆಸರಿನ ಪಟ್ಟಿ ಹಿಡಿದು ಎಣಿಸುತ್ತ ಬಂದ. ಎಣಿಕೆಯಲ್ಲಿ ಒಂದು ತಲೆ ಹೆಚ್ಚಾಯಿತು. ಅಲ್ಲಿಯವರೆಗೆ ಅವನು ಖೈರುನ್‌ಳನ್ನು ಸಂತೆಗೆ ಹೊರಟ ಯಾರೋ ಹೆಂಗಸು ಎಂದುಕೊಂಡಿದ್ದನಂತೆ.

“ಪಟ್ಟ್ಯಾಗ ಇಲ್ಲದವರನ್ನ ಕರಕೊಂಡು ಹೋಗಾಕ ಆಗೂದಿಲ್ರಿ. ನಾಳೆ ಏನರ ಹೆಚ್ಚುಕಮ್ಮಿ ಆದ್ರ ಯಾರು ಜವಾಬ್ದಾರಿ?” ಎಂದು ದನಿ ಎತ್ತಿದ. ಅವನ ಹಣೆ ಗಂಟಾಗಿತ್ತು. “ಯಾರು ಕರಕೊಂಡು ಬಂದಾರ ಇವರನ್ನ?”

ಪಂಪಿನ ಸದ್ದು ನಿಂತಿತು.

ನನ್ನ ಬಗ್ಗೆ ನನಗೇ ಹೇಸಿಗೆಯಾಗುವ ಒಂದು ಮಾತು ಹೇಳುತ್ತೇನೆ. ಅರವತ್ತು ದಾಟಿದ ಮೇಲೂ, ಎಲ್ಲ ತಿಳಿದ ಮೇಲೂ, ನಾಲಿಗೆಯ ತುದಿಗೆ ಮೊದಲು ಬಂದದ್ದು ‘ಆಕಿನ ಬಂದಾಳ’ ಎಂಬುದೇ. ಅದನ್ನು ನುಂಗಿದೆ. ಚಹಾದ ಲೋಟವನ್ನು ಬೆಂಚಿನ ಮೇಲಿಟ್ಟೆ.

“ನಾನು,” ಎಂದೆ. ಉಳ್ಳಾಗಡ್ಡಿ ಮಾರುವವಳು ತಿರುಗಿ ನೋಡುವಷ್ಟು ಗಟ್ಟಿಯಾಗಿ. “ನಾನ ಕರಕೊಂಡು ಬಂದೀನಿ. ಸಾಲ್ಯಾಗಿದ್ದಾಗೂ ನಾನ ಕರಕೊಂಡು ಹೋಗಿದ್ದೆ. ಆಕೀದು ಏನೂ ತಪ್ಪಿಲ್ಲ.”

ವೀರೇಶನಿಗೆ ಏನೂ ತಿಳಿಯಲಿಲ್ಲ. “ಯಾವಾಗಿಂದ್ರಿ ಅಕ್ಕೋರ?” ಎಂದು ಮೆಲ್ಲಗೆ ಕೇಳಿದ. “ಖೈರುನ್ ಅಂತ ಬರ್ಕೊ,” ಎಂದೆ. ಅವನು ಜೇಬಿನಿಂದ ಪೆನ್ನು ತೆಗೆದು, ಪಟ್ಟಿಯ ಕೊನೆಗೆ ಆ ಹೆಸರು ಬರೆದುಕೊಂಡ.

ಪಂಪಿನ ಸದ್ದು ಮತ್ತೆ ಶುರುವಾಯಿತು. ಟೈರು ಒತ್ತಿ ನೋಡುತ್ತ, ತಲೆ ಎತ್ತದೆ, ಖೈರುನ್ ಹೇಳಿದಳು.

“ಇಷ್ಟ ಗಟ್ಟಿಯಾಗಿ ಅವತ್ತ ಹೇಳಬೇಕಿತ್ತು ನೋಡು.”